ಜೀಪಿಗೆ ಹೊಸ ವೈರಿಂಗ್, ಹಳೆಯ ಅರ್ತ್

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯು ಸೈನ್ಯಕ್ಕಾಗಿ ನಿರ್ಮಿಸಿದ ಜೀಪಿನ ಸಂತತಿಯು 1947ರಲ್ಲಿ ಮಹೀಂದ್ರ ಸಂಸ್ಥೆಯ ಮೂಲಕ ನಮ್ಮ ದೇಶಕ್ಕೂ ಬಂದು, ಮಲೆನಾಡಿನ ಕಾಫಿ ತೋಟಗಳಲ್ಲಿ ಗೊಬ್ಬರದ ಮೂಟೆಗಳನ್ನೂ ಕೂಲಿಯಾಳುಗಳನ್ನೂ ಹೊತ್ತು ಕೆಸರಿನ ಏರುಗಳನ್ನು ಹತ್ತಿತು. ಇಂತಹ ಮುದಿ ಜೀಪಿನ ಇಂಜಿನ್ನನ್ನು ನಾಲ್ಕಾರು ಸಲ ಬಿಚ್ಚಿ ಜೋಡಿಸಿದ ಒಡೆಯನು ಕೂಡ ಅದರ ತಂತಿಗಳತ್ತ ದೃಷ್ಟಿ ಹಾಯಿಸುವುದು, ಇಲಿ ಕಡಿದು ದೀಪವಾರಿದ ರಾತ್ರಿಯಲ್ಲಿಯೋ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಸುಟ್ಟ ವಾಸನೆ ಬಂದ ಮೇಲೆಯೋ ಮಾತ್ರ.

ಬ್ಯಾಟರಿ, ಡೈನಮೋ, ಸ್ವಿಚ್ಚು, ದೀಪ ಇವುಗಳ ನಡುವೆ ಹರಿದಾಡುವ ತಂತಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿ ಒಂದೇ ಕಟ್ಟಾಗಿ ಹೆಣೆದುದಕ್ಕೆ ಹಾರ್ನೆಸ್ ಎಂದು ಹೆಸರು. ಗ್ಯಾರೇಜಿನವರ ಬಾಯಲ್ಲಿ ಅದು ಬರಿಯ ‘ವೈರಿಂಗ್’. ಫ್ಯೂಸು ಇರುವುದು ಬಲ್ಬನ್ನು ಕಾಯುವುದಕ್ಕಲ್ಲ, ತಂತಿಯನ್ನು ಕಾಯುವುದಕ್ಕೆ. ಯುದ್ಧಕಾಲದ ಜೀಪುಗಳು 6 ವೋಲ್ಟಿನವು. ಅಷ್ಟೇ ಬೆಳಕಿಗೆ ಅವು 12 ವೋಲ್ಟಿನ ಗಾಡಿಯ ಇಮ್ಮಡಿ ಪ್ರವಾಹವನ್ನು ಬಯಸುವುದರಿಂದ ಅವುಗಳ ತಂತಿಯೂ ದಪ್ಪನಾಗಿರಬೇಕು. ಕೊಳ್ಳುವಾಗ ಇಷ್ಟನ್ನು ನೆನಪಿಟ್ಟರೆ ಸಾಕು.

ಕೆಲಸದ ಕ್ರಮ ಕಠಿಣವೇನಲ್ಲ. ಬ್ಯಾಟರಿಯಲ್ಲಿ ಗಾಡಿಯ ಬಾಡಿಗೆ ಸೇರಿದ ತುದಿಯನ್ನೇ ಮೊದಲು ಬಿಚ್ಚಬೇಕು. ಏಕೆಂದರೆ ಇನ್ನೊಂದು ತುದಿಯನ್ನು ಬಿಚ್ಚುವಾಗ ಸ್ಪಾನರು ಜಾರಿ ಕಬ್ಬಿಣಕ್ಕೆ ತಗುಲಿದರೂ ಆಗ ಕಿಡಿ ಹಾರದು. ಜೀಪಿನಲ್ಲಿ ಆ ತುದಿ ಋಣಾಗ್ರ. ಹಳೆಯ ಲ್ಯಾಂಡ್‌ರೋವರುಗಳಲ್ಲಿ ಧನಾಗ್ರವೂ ಆಗಿರಬಹುದಾದ್ದರಿಂದ ಗುರುತನ್ನು ಓದಿಯೇ ಕೈಹಾಕಬೇಕು. ಹಳೆಯ ಕಟ್ಟನ್ನು ಕತ್ತರಿಸಿ ಎಸೆಯದೆ, ಪ್ರತಿ ತುದಿಗೂ ಚೀಟಿ ಕಟ್ಟಿ ಇಡಿಯಾಗಿ ಹೊರತೆಗೆದು, ಹೊಸದನ್ನು ಅದರ ಪಕ್ಕದಲ್ಲಿ ನೆಲದ ಮೇಲೆ ಹಾಸಿ, ಕವಲಿಗೆ ಕವಲನ್ನು ಹೋಲಿಸಿ ನೋಡುವವನು ಮುಂದಿನ ಎರಡು ದಿನಗಳ ಪರದಾಟವನ್ನು ತಪ್ಪಿಸಿಕೊಳ್ಳುತ್ತಾನೆ. ತಗಡಿನ ರಂಧ್ರಗಳಲ್ಲಿ ರಬ್ಬರಿನ ಬಳೆ ಕೂರಿಸಬೇಕು. ಸೈಲೆನ್ಸರಿನ ಕೊಳವೆಯಿಂದ ಕಟ್ಟನ್ನು ದೂರವಿಡಬೇಕು. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬ್ಯಾಟರಿಗೂ ಅದರ ಕೇಬಲ್ಲಿಗೂ ನಡುವೆ 21 ವ್ಯಾಟಿನ ಬಲ್ಬೊಂದನ್ನು ಸೇರಿಸಿ ಪರೀಕ್ಷಿಸಿದಾಗ ಅದು ಬೆಳಗಿದರೆ, ಎಲ್ಲಿಯೋ ತಂತಿ ಬಾಡಿಗೆ ತಗುಲಿದೆಯೆಂದೇ ಅರ್ಥ.

ಇನ್ನು ನನ್ನ ಮೆಚ್ಚಿನ ವಿಷಯಕ್ಕೆ ಬರುತ್ತೇನೆ. ಹೊಸ ವೈರಿಂಗ್ ಹಾಕಿ, ಹೊಸ ಬಣ್ಣ ಬಳಿಸಿ, ದೀಪ ಮೊದಲಿಗಿಂತಲೂ ಮಂಕಾಯಿತೆಂದು ಹಲುಬುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಬಲ್ಬಿನಲ್ಲಿ ‘ಖರ್ಚಾಗಿ’ ಹೋಗುತ್ತದೆಂಬ ಭ್ರಮೆಯೇ ಇದರ ಮೂಲ. ಖರ್ಚಾಗುವುದು ಶಕ್ತಿಯೇ ಹೊರತು ಪ್ರವಾಹವಲ್ಲ. ಹತ್ತು ಆಂಪಿಯರ್ ಹೋದರೆ ಹತ್ತು ಆಂಪಿಯರೂ ಹಿಂತಿರುಗಲೇಬೇಕು. ಆ ಮರುದಾರಿಗೆ ಬೇರೆ ತಂತಿಯಿಲ್ಲ. ಗಾಡಿಯ ಉಕ್ಕಿನ ಮೈಯೇ ಅದರ ದಾರಿ; ಅದಕ್ಕೇ ಅರ್ತ್ ಎನ್ನುವುದು. ಆದರೆ ಇಂಜಿನ್ನು ರಬ್ಬರಿನ ಮೇಲೆ ಕುಳಿತಿದೆ, ರಬ್ಬರು ಅವಾಹಕ. ಬಣ್ಣವೂ ಅವಾಹಕ, ತುಕ್ಕು ಅದಕ್ಕಿಂತ ಅಷ್ಟೇನೂ ಮೇಲಲ್ಲ. ಆದುದರಿಂದಲೇ ಇಂಜಿನ್ನಿನಿಂದ ಚಾಸಿಗೂ ಬಾಡಿಯಿಂದ ಚಾಸಿಗೂ ಹೆಣೆದ ತಾಮ್ರದ ಪಟ್ಟಿಗಳಿರುವುದು; ಇವು ಕೊಂಡ ಕಟ್ಟಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲವಾಗಿ ಹಳೆಯವೇ ಉಳಿದುಬಿಡುತ್ತವೆ.

ಹೆಡ್‌ಲೈಟುಗಳ ಹತ್ತು ಆಂಪಿಯರಿನ ದಾರಿಯಲ್ಲಿ ತುಕ್ಕಿನಿಂದ ಒಂದು ಓಮಿನ ಹತ್ತನೆಯ ಒಂದಂಶದಷ್ಟು ರೋಧ ಹುಟ್ಟಿದರೂ ಒಂದು ವೋಲ್ಟು ಅಲ್ಲಿಯೇ ಕರಗುತ್ತದೆ. 12ರ ಬದಲು 11 ವೋಲ್ಟು ದೊರೆತ ಬಲ್ಬಿನ ಬೆಳಕು ಹನ್ನೆರಡರಲ್ಲೊಂದು ಪಾಲಲ್ಲ, ಸುಮಾರು ಕಾಲುಭಾಗವೇ ತಗ್ಗುತ್ತದೆ. ಹಿಂದೀಪದ ಅರ್ತ್ ಕೆಟ್ಟರಂತೂ ಚೋದ್ಯವೇ ಸರಿ: ಎರಡು ತಂತುಗಳ ಆ ಬಲ್ಬಿನಲ್ಲಿ ಬ್ರೇಕಿನ ಪ್ರವಾಹವು ಮರಳುವ ಹಾದಿ ಕಾಣದೆ ಪಕ್ಕದ ತಂತುವಿನ ಮೂಲಕ ಹಿಮ್ಮುಖವಾಗಿ ನುಗ್ಗಿ, ಮುಂದಿನ ಪಾರ್ಕಿಂಗ್ ದೀಪದ ಅರ್ತ್ ಹುಡುಕಿಕೊಂಡು ಹೋಗುವುದರಿಂದ, ಹಿಂದೆ ಬ್ರೇಕು ತುಳಿದರೆ ಮುಂದೆ ದೀಪ ಮಿಣುಕುತ್ತದೆ. ಇದನ್ನು ಕಂಡು ಹೊಸ ಹಾರ್ನೆಸ್ಸನ್ನೇ ಬೈದು ಬಿಚ್ಚಿಸಿದವರುಂಟು!

ಮೂಡಿಗೆರೆಯ ಕಡೆಯ ತೋಟವೊಂದರಲ್ಲಿ, ಸೆಲ್ಫ್ ಹೊಡೆದಾಗಲೆಲ್ಲ ಚೋಕಿನ ಕೇಬಲ್ಲು ಮುಟ್ಟಲಾಗದಷ್ಟು ಕಾಯುವ ಜೀಪನ್ನು ನನಗೆ ತೋರಿಸಿದರು. ಕಾರ್ಬ್ಯುರೇಟರನ್ನು ಎರಡು ಬಾರಿ ಬಿಚ್ಚಿಯಾಗಿತ್ತು. ಇಂಜಿನ್ನಿನ ಪಟ್ಟಿ ಎಂದೋ ಹರಿದಿತ್ತು; ನೂರು ಆಂಪಿಯರಿಗೂ ಮೀರಿದ ಸೆಲ್ಫ್ ಮೋಟಾರಿನ ಪ್ರವಾಹವು ಬೇರೆ ದಾರಿಯಿಲ್ಲದೆ ಆ ಬಡ ಕೇಬಲ್ಲಿನ ಮೂಲಕ ಮನೆಗೆ ಮರಳುತ್ತಿತ್ತು. ಪಟ್ಟಿಯ ಎರಡೂ ತುದಿಗಳ ಕೆಳಗಿನ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಬೋಲ್ಟು ಬಿಗಿದು, ಮೇಲೆ ವ್ಯಾಸಲೀನ್ ಸವರಿದ್ದಷ್ಟೇ ನಾನು ಮಾಡಿದ ಚಿಕಿತ್ಸೆ.

ವಾಚಕರಲ್ಲಿ ನನ್ನದೊಂದು ಬಿನ್ನಹವುಂಟು. ಸಾಧಾರಣವಾದ ಒಂದು ವೋಲ್ಟ್‌ಮೀಟರನ್ನು ಕೊಂಡುಕೊಳ್ಳಿ. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕಾಯಿಲಿನ ನಡುವಣ ತಂತಿಯನ್ನು ಕಿತ್ತು ಇಂಜಿನ್ನಿಗೆ ತಾಗಿಸಿಟ್ಟು, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಾಗ್ರದ ಸೀಸದ ಗುಬುಟಿನ ಮೇಲೆಯೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹದ ಮೇಲೆಯೂ ಒತ್ತಿ, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿ. ಮುಳ್ಳು ಅರ್ಧ ವೋಲ್ಟನ್ನು ದಾಟಿದರೆ ಪಟ್ಟಿಯನ್ನು ಬಿಚ್ಚಿ ನೋಡಿ. ಬಳಿಕ ಹೆಡ್‌ಲೈಟ್ ಹಚ್ಚಿ, ಎರಡನೆಯ ಮೊನೆಯನ್ನು ಅದರ ಅರ್ತ್ ತಂತಿಗೆ ಮುಟ್ಟಿಸಿ ಅಳೆಯಿರಿ. ಎರಡು ಅಂಕಿಗಳನ್ನೂ ಚೀಟಿಯಲ್ಲಿ ಬರೆದು ಟೂಲ್‌ಬಾಕ್ಸಿನ ಮುಚ್ಚಳದೊಳಗೆ ಅಂಟಿಸಿ, ಮಳೆಗಾಲ ಕಳೆದೊಡನೆ ಇನ್ನೊಮ್ಮೆ ಅಳೆದು ಹೋಲಿಸಿ ನೋಡಿ.