ಲ್ಯಾಪ್‌ಟಾಪ್ ಒಂದು, ಮಾನಿಟರ್ ಎರಡು: ಕೇಬಲ್ ಕೊಳ್ಳುವ ಮೊದಲು ಇಷ್ಟು ನೋಡಿ

ಮನೆಯಿಂದ ಕೆಲಸ ಮಾಡುವವರ ಕತ್ತುನೋವು ಈಗ ಮನೆಮನೆಯ ಕಥೆ. 14 ಇಂಚಿನ ಲ್ಯಾಪ್‌ಟಾಪ್ ಮುಂದೆ ಇಡೀ ದಿನ ತಲೆ ಬಗ್ಗಿಸಿ ಕೂತರೆ ಸಂಜೆಗೆ ಹೆಗಲು ಹಿಡಿದುಕೊಳ್ಳುತ್ತೆ. ಲೆಕ್ಕಪತ್ರ ನೋಡುವವರಿಗೆ ಟ್ಯಾಲಿ ಜೊತೆಗೆ ಜಿಎಸ್‌ಟಿ ಪೋರ್ಟಲ್ಲೂ ಕಾಣಬೇಕು. ಅನುವಾದ ಮಾಡುವವರಿಗೆ ಮೂಲ ಪುಟ, ಕನ್ನಡ ಪುಟ ಎರಡೂ ಎದುರಿಗಿರಬೇಕು. ಆಗ ‘ಎರಡು ಮಾನಿಟರ್ ಹಾಕಿಸಿಬಿಡೋಣ’ ಅನ್ನಿಸುವುದು ಸಹಜ.

ತೊಂದರೆ ಶುರುವಾಗೋದು ಆಮೇಲೆ. ಮಾನಿಟರ್ ಬರುತ್ತೆ, ಹಬ್ ಬರುತ್ತೆ, ಕೇಬಲ್ಲೂ ಬರುತ್ತೆ. ಚಿತ್ರ ಮಾತ್ರ ಬರಲ್ಲ. ಬಂದರೂ ಎರಡರಲ್ಲೂ ಒಂದೇ ಚಿತ್ರ! ಇದಕ್ಕೆ ಕಾರಣ ಸರಳ. ಎಷ್ಟು ಮಾನಿಟರ್ ನಡೆಯುತ್ತೆ ಅನ್ನೋದನ್ನು ತೀರ್ಮಾನಿಸುವುದು ಮುಖ್ಯವಾಗಿ ಲ್ಯಾಪ್‌ಟಾಪ್ ಒಳಗಿನ ಗ್ರಾಫಿಕ್ಸ್ ಮತ್ತು ಅದರ ಪೋರ್ಟ್‌ಗಳು. ಹಬ್‌ನಲ್ಲಿ ನಾಲ್ಕು ತೂತು ಇದ್ದ ಮಾತ್ರಕ್ಕೆ ನಾಲ್ಕು ಮಾನಿಟರ್ ಓಡುವುದಿಲ್ಲ.

ಮೊದಲು ಲ್ಯಾಪ್‌ಟಾಪಿನ ಅಂಚು ನೋಡಿ

ಎಚ್‌ಡಿಎಂಐ ಪೋರ್ಟ್ ನಿಮಗೆ ಗೊತ್ತೇ ಇದೆ, ಟಿವಿಗೆ ಸೆಟ್‌ಟಾಪ್ ಬಾಕ್ಸ್ ಹಾಕುವಂಥದ್ದೇ. ಅದರಿಂದ ಒಂದು ಮಾನಿಟರ್ ಆಯಿತು. ಇನ್ನೊಂದಕ್ಕೆ ಯುಎಸ್‌ಬಿ-ಸಿ ಬೇಕು; ಈಗಿನ ಫೋನ್ ಚಾರ್ಜರಿನ ಪಿನ್ ಹೋಗುವ ಮೊಟ್ಟೆಯಾಕಾರದ ಪುಟ್ಟ ತೂತು.

ಎಡವಟ್ಟಾಗುವುದು ಇಲ್ಲೇ. ನೋಡೋಕೆ ಎಲ್ಲಾ ಯುಎಸ್‌ಬಿ-ಸಿ ಒಂದೇ ಥರ, ಆದರೆ ಎಲ್ಲದರಲ್ಲೂ ವಿಡಿಯೊ ಬರುವುದಿಲ್ಲ. ಕೆಲವು ಬರೀ ಫೈಲ್ ಸಾಗಿಸುತ್ತವೆ, ಕೆಲವು ಚಾರ್ಜ್ ಕೂಡ ಮಾಡುತ್ತವೆ, ಅಷ್ಟೇ. ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ. ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಥವಾ ‘ಥಂಡರ್‌ಬೋಲ್ಟ್’ ಎಂದಿದ್ದರೆ ವಿಡಿಯೊ ಬರುತ್ತೆ. ಹಾಗಿದ್ದರೆ ದುಬಾರಿ ಹಬ್ಬೇ ಬೇಡ. ಒಂದು ಎಚ್‌ಡಿಎಂಐ ಕೇಬಲ್, ಒಂದು ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್, ಎರಡೇ ಸಾಕು.

ನಿಮ್ಮದಕ್ಕೆ ತಾಕತ್ತು ಎಷ್ಟು?

ಇಂಟೆಲ್ 11ನೇ ತಲೆಮಾರಿನ ಕೋರ್ ಲ್ಯಾಪ್‌ಟಾಪ್ ಚಿಪ್‌ಗಳ ಗ್ರಾಫಿಕ್ಸ್ ನಾಲ್ಕು ಪರದೆವರೆಗೆ ನಿಭಾಯಿಸಬಲ್ಲದು. ಅದಕ್ಕಿಂತ ಹಿಂದಿನ ಹಲವು ತಲೆಮಾರುಗಳಿಗೆ ಮಿತಿ ಮೂರು. ಈ ಲೆಕ್ಕದಲ್ಲಿ ಲ್ಯಾಪ್‌ಟಾಪಿನ ಸ್ವಂತ ಪರದೆಯೂ ಸೇರಿದೆ ಅನ್ನೋದು ನೆನಪಿರಲಿ. ಮ್ಯಾಕ್‌ಬುಕ್ ಏರ್ ಇದ್ದವರು ಇನ್ನೂ ಹುಷಾರಾಗಿರಬೇಕು. 2020ರ ಎಂ1, 2022ರ ಎಂ2 ಮಾದರಿಗಳಿಗೆ ಹೊರಗಿನ ಮಾನಿಟರ್ ಒಂದೇ. 2024ರ ಎಂ3 ಎರಡಕ್ಕೆ ಒಪ್ಪುತ್ತೆ, ಆದರೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿರಬೇಕು. 2025ರ ಎಂ4 ಏರ್‌ನಲ್ಲಿ ಮುಚ್ಚಳ ತೆರೆದೇ ಎರಡು ನಡೆಸಬಹುದು.

ಒಂದೇ ಪೋರ್ಟ್ ಇದ್ದರೆ?

ಅಗ್ಗಕ್ಕೆ ಸಿಗುವ ‘ಎಚ್‌ಡಿಎಂಐ ಸ್ಪ್ಲಿಟರ್’ ತರಬೇಡಿ. ಅದು ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತೆ, ಅಂಗಡಿಯ ಟಿವಿಗಳಿಗೆ ಸರಿ, ನಿಮ್ಮ ಕೆಲಸಕ್ಕಲ್ಲ. ವಿಡಿಯೊ ಬರುವ ಯುಎಸ್‌ಬಿ-ಸಿ ಇರುವ ವಿಂಡೋಸ್ ಲ್ಯಾಪ್‌ಟಾಪ್ ಆದರೆ ‘ಎಂಎಸ್‌ಟಿ’ ಎಂದು ಬರೆದಿರುವ ಹಬ್ ಕೇಳಿ. ಒಂದೇ ಪೋರ್ಟಿನಿಂದ ಎರಡು ಬೇರೆ ಬೇರೆ ಚಿತ್ರ ಸಿಗುತ್ತೆ. ಮ್ಯಾಕ್‌ನಲ್ಲಿ ಈ ಉಪಾಯ ನಡೆಯಲ್ಲ, ಎರಡರಲ್ಲೂ ಒಂದೇ ಚಿತ್ರ ಬರುತ್ತೆ.

ಏನೂ ಆಗದಿದ್ದರೆ ‘ಡಿಸ್‌ಪ್ಲೇಲಿಂಕ್’ ಅಡಾಪ್ಟರ್ ಇದೆ. ಇದು ಸಾಧಾರಣ ಯುಎಸ್‌ಬಿ ಪೋರ್ಟಿನಿಂದಲೇ ಚಿತ್ರ ಕಳಿಸುತ್ತೆ, ಎಂ1 ಏರ್‌ನ ಮಿತಿಯನ್ನೂ ದಾಟಿಸುತ್ತೆ. ಆದರೆ ಅದರ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿಯವರ ಅನುಮತಿ ಬೇಕಾಗಬಹುದು. ಎಕ್ಸೆಲ್, ಇಮೇಲ್‌ಗೆ ಧಾರಾಳವಾಗಿ ಸಾಕು. ಗೇಮ್‌ಗೆ ಹೊಂದಲ್ಲ, ಕೆಲವು ಒಟಿಟಿ ಸಿನಿಮಾಗಳು ಕಪ್ಪು ಪರದೆಯಾಗಿಯೇ ಉಳಿಯಬಹುದು.

ಮನೆಯ ಹಳೇ ಸಾಮಾನು

ಎಚ್‌ಡಿಎಂಐ ಇರುವ ಹಳೇ ಟಿವಿಯೂ ಮಾನಿಟರ್ ಆಗಬಲ್ಲದು. ಅಂಚು ಕತ್ತರಿಸಿದಂತೆ ಕಂಡರೆ ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಪಿಸಿ’ ಅಥವಾ ‘ಜಸ್ಟ್ ಸ್ಕ್ಯಾನ್’ ಆರಿಸಿ. ನೀಲಿ ಪಿನ್ನಿನ ವಿಜಿಎ ಮಾನಿಟರ್ ಇದ್ದರೆ ‘ಎಚ್‌ಡಿಎಂಐ ಟು ವಿಜಿಎ’ ಅಡಾಪ್ಟರ್ ತನ್ನಿ. ‘ವಿಜಿಎ ಟು ಎಚ್‌ಡಿಎಂಐ’ ಅಂದರೆ ಉಲ್ಟಾ, ಅದು ಬೇರೆಯೇ ಸಾಮಾನು. ಹೊಸದಾಗಿ 4ಕೆ ಮಾನಿಟರ್ ಕೊಂಡರೆ ಲ್ಯಾಪ್‌ಟಾಪ್, ಹಬ್ ಎರಡರಲ್ಲೂ ಎಚ್‌ಡಿಎಂಐ 2.0 ಇದೆಯೇ ಕೇಳಿ. 1.4 ಆದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತೆ, ಮೌಸ್ ತಡವರಿಸಿದ ಹಾಗೆ ಕಾಣುತ್ತೆ. ಫುಲ್ ಎಚ್‌ಡಿ ಆದರೆ ಈ ಚಿಂತೆಯಿಲ್ಲ.

ಜೋಡಿಸಿದ ಮೇಲೆ

ಕೀಬೋರ್ಡ್‌ನಲ್ಲಿ ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಎಕ್ಸ್‌ಟೆಂಡ್’ ಆರಿಸಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1, 2, 3 ಎಂಬ ಚೌಕಗಳು ಕಾಣುತ್ತವೆ. ಮೇಜಿನ ಮೇಲೆ ಮಾನಿಟರ್ ಹೇಗಿವೆಯೋ ಹಾಗೇ ಅವನ್ನು ಎಳೆದಿಡಿ. ಇಲ್ಲದಿದ್ದರೆ ಮೌಸ್ ಎಡಕ್ಕೆ ಎಳೆದರೆ ಬಲಗಡೆಯ ಪರದೆಗೆ ಹೋಗುತ್ತೆ!

ಹೆಚ್ಚು ನೋಡುವ ಮಾನಿಟರ್ ನೇರ ಎದುರಿಗಿರಲಿ, ಕೈಚಾಚಿದಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಪುಸ್ತಕ ಕೊಟ್ಟರೂ ನಡೆಯುತ್ತೆ. ಇಷ್ಟು ಮಾಡದೆ ಎರಡು ಮಾನಿಟರ್ ಇಟ್ಟರೆ ಕತ್ತುನೋವು ಹಾಗೇ ಉಳಿಯುತ್ತೆ. ಕರೆಂಟ್ ಬಗ್ಗೆ ಹೆದರಿಕೆ ಬೇಡ. 24 ಇಂಚಿನ ಎಲ್‌ಇಡಿ ಮಾನಿಟರ್ ಸಾಮಾನ್ಯವಾಗಿ 20ರಿಂದ 30 ವ್ಯಾಟ್ ಎಳೆಯುತ್ತೆ. ಎರಡೂ ಸೇರಿದರೂ ಹಳೇ ಸೀಲಿಂಗ್ ಫ್ಯಾನಿಗಿಂತ ಕಡಿಮೆ.

ಅಂಗಡಿಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಲ್ಯಾಪ್‌ಟಾಪಿನ ಮಾಡೆಲ್ ನಂಬರ್, ಅದರಲ್ಲಿರುವ ಪೋರ್ಟ್‌ಗಳು, ಮಾನಿಟರಿನ ಹಿಂದಿರುವ ಪೋರ್ಟ್‌ಗಳು. ಲ್ಯಾಪ್‌ಟಾಪಿನ ಅಂಚು, ಮಾನಿಟರಿನ ಬೆನ್ನು ಎರಡರ ಫೋಟೊ ಫೋನಿನಲ್ಲಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯವರು ಏನು ಕೊಟ್ಟರೂ ಹೊಂದುತ್ತೋ ಇಲ್ಲವೋ ಅಂತ ನೀವೇ ಹೇಳಬಹುದು.