ಸರ್ವರ್ ತಾನಾಗಿ ಬಿದ್ದಿತೋ, ಯಾರಾದರೂ ಕೆಡವಿದರೋ?

ಹತ್ತು ಕಂಪ್ಯೂಟರುಗಳ ಸಣ್ಣ ಕಚೇರಿಯಲ್ಲಿ ಸರ್ವರ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಯಿತೆಂದರೆ ಮೊದಲು ಬೈಸಿಕೊಳ್ಳುವುದು ಕರೆಂಟು, ಆಮೇಲೆ ವೈರಸ್ಸು. ಟ್ಯಾಲಿಯಲ್ಲಿ ಎಂಟ್ರಿ ಹಾಕುತ್ತಿದ್ದವರು ಕೈ ಕಟ್ಟಿ ಕೂರುತ್ತಾರೆ. ಸರ್ವೀಸಿನವನು ಬಂದು ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸಿ ಬಿಲ್ ಕೊಟ್ಟು ಹೋಗುತ್ತಾನೆ. ಮುಂದಿನ ವಾರ ಮತ್ತೆ ಅದೇ ಪಾಡು.

ಬಿಡಿಭಾಗಕ್ಕೆ ಕೈ ಹಾಕುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೆ: ಯಂತ್ರ ಯಾರದೋ ಆದೇಶದಂತೆ ನಿಂತಿತೋ, ಕೆಲಸದ ನಡುವೆ ಧೊಪ್ಪನೆ ಬಿದ್ದಿತೋ? ವಿಂಡೋಸ್‌ ಸರ್ವರಿನಲ್ಲಿ ಉತ್ತರ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿದೆ. 1074 ಎಂಬ ಈವೆಂಟ್ ಸಂಖ್ಯೆ ಕಂಡರೆ ಆದೇಶ ಹೋಗಿದೆ ಎಂದರ್ಥ. ಕೊಟ್ಟ ಪ್ರೋಗ್ರಾಂ ಯಾವುದು, ಯಾವ ಖಾತೆಯಿಂದ ಎಂಬುದೂ ಅಲ್ಲೇ ಇರುತ್ತದೆ. 6008 ಅಥವಾ 41 ಇದ್ದರೆ ಸರಿಯಾಗಿ ಮುಚ್ಚದೆಯೇ ನಿಂತಿದೆ. 41ರ ಪಕ್ಕದಲ್ಲಿ ‘ಕರ್ನೆಲ್-ಪವರ್’ ಎಂದಿರುವುದನ್ನು ನೋಡಿ ಪವರ್ ಸಪ್ಲೈ ಕೆಟ್ಟಿದೆ ಎಂದು ತೀರ್ಮಾನಿಸುವವರೇ ಹೆಚ್ಚು. ಆದರೆ ಆ ಸಾಲು ಬರೆಯಲ್ಪಡುವುದು ಯಂತ್ರ ಮತ್ತೆ ಎದ್ದ ಮೇಲೆ. ಬಿದ್ದದ್ದನ್ನು ಅದು ಹೇಳುತ್ತದೆ, ಕಾರಣವನ್ನಲ್ಲ.

ಆದೇಶದ ಮೇರೆಗೆ ನಿಂತ ಸರ್ವರುಗಳ ಕತೆ ಕೆಲವೊಮ್ಮೆ ನಗು ತರಿಸುತ್ತದೆ. ವಿಂಡೋಸ್ ಸರ್ವರಿನ ಪರೀಕ್ಷಾರ್ಥ ಆವೃತ್ತಿ 180 ದಿನ ಪುಕ್ಕಟೆ ನಡೆಯುತ್ತದೆ. ಅವಧಿ ಮುಗಿದರೆ ಗಂಟೆಗೊಮ್ಮೆ ತಾನಾಗಿ ಬಂದ್ ಆಗುತ್ತದೆ. ಹಾಕಿಕೊಟ್ಟ ಹುಡುಗ ಅಷ್ಟರಲ್ಲಿ ಬೇರೆ ಕೆಲಸ ಹಿಡಿದಿರುತ್ತಾನೆ! ಮೈಕ್ರೋಸಾಫ್ಟ್‌ನ ಅಪ್‌ಡೇಟೇ ಕಾಟ ಕೊಟ್ಟದ್ದೂ ಇದೆ. 2022ರ ಜನವರಿ 11ರಂದು ಬಂದ ಅಪ್‌ಡೇಟ್ ಹಾಕಿಕೊಂಡ ಹಲವು ಡೊಮೈನ್ ಕಂಟ್ರೋಲರುಗಳು (ಕಚೇರಿಯ ಲಾಗಿನ್‌ಗಳನ್ನು ನೋಡಿಕೊಳ್ಳುವ ಸರ್ವರುಗಳು) ಮತ್ತೆ ಮತ್ತೆ ರೀಸ್ಟಾರ್ಟ್ ಆದವು. 17ರಂದು ಪರಿಹಾರ ಬಂತು. 2024ರ ಮಾರ್ಚ್‌ನಲ್ಲಿ ಇದೇ ತರಹದ ಗೋಳು, ಆ ಸಲ ಮೆಮೊರಿ ಸೋರಿಕೆಯಿಂದ.

ಧೊಪ್ಪನೆ ಬಿದ್ದದ್ದಾದರೆ ಯುಪಿಎಸ್ ಕಡೆ ನೋಡಬೇಕು. ಅದರೊಳಗಿನ ಸೀಸದ ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಕಿಟಕಿಯಿಲ್ಲದ ಬಿಸಿ ಕೋಣೆಯಲ್ಲಿ ಇನ್ನೂ ಕಡಿಮೆ. ಹಲವು ಯುಪಿಎಸ್‌ಗಳು ಆಗಾಗ ಬ್ಯಾಟರಿಯನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಬ್ಯಾಟರಿ ಸತ್ತಿದ್ದರೆ ಆ ಕೆಲವು ಕ್ಷಣಗಳಲ್ಲೇ ಸರ್ವರಿಗೆ ವಿದ್ಯುತ್ ತಪ್ಪುತ್ತದೆ. ಗೋಡೆಯ ಮೇಲೆ ಫ್ಯಾನು ತಿರುಗುತ್ತಲೇ ಇರುತ್ತದೆ, ಹಾಗಾಗಿ ಕರೆಂಟಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕರೆಂಟು ಬಂದೊಡನೆ ಸರ್ವರ್ ತಾನೇ ಏಳುವಂತೆ ಬಯೋಸ್‌ನಲ್ಲಿ ಹೊಂದಿಸಿದ್ದರೆ ನೋಡುವವರಿಗೆ ಅದು ಬರೀ ರೀಸ್ಟಾರ್ಟ್. ಅದೇ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಸಿಕ್ಕಿಸಿದ್ದರೆ ಇನ್ನೊಂದು ಅಪಾಯ: ಅದರ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟು ಯುಪಿಎಸ್‌ನ ಶಕ್ತಿ ಮೀರಬಹುದು.

ಬ್ಯಾಟರಿ, ಪ್ರಿಂಟರ್ ಎರಡೂ ಅಲ್ಲವೆಂದಾದರೆ ಯಂತ್ರದೊಳಗಿನ ಫ್ಯಾನಿನ ಧೂಳು, ಮದರ್‌ಬೋರ್ಡಿನಲ್ಲಿ ಉಬ್ಬಿದ ಕೆಪಾಸಿಟರ್, ಕೆಟ್ಟ ರ‍್ಯಾಮ್ ಇವುಗಳ ಸರದಿ. ರ‍್ಯಾಮ್‌ಗೆ ಒಂದು ರಾತ್ರಿಯಿಡೀ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ಪ್ರೋಗ್ರಾಂ ಓಡಿಸಿದರೆ ಸಾಕಷ್ಟು ಗೊತ್ತಾಗುತ್ತದೆ. ನೀಲಿ ಪರದೆ ಬಂದು ಹೋಗಿದ್ದರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ‘ಮಿನಿಡಂಪ್’ ಎಂಬಲ್ಲಿ ಕಡತ ಉಳಿದಿರುವ ಸಾಧ್ಯತೆ ಉಂಟು, ಅದನ್ನು ಅಳಿಸಬಾರದು.

ಸರ್ವೀಸಿನವರಿಗೆ ಫೋನ್ ಮಾಡುವ ಮುನ್ನ ಒಂದು ಹಾಳೆಯಲ್ಲಿ ರೀಸ್ಟಾರ್ಟ್ ಆದ ದಿನ, ಗಂಟೆ, ಸಿಸ್ಟಮ್ ಲಾಗ್‌ನಲ್ಲಿ ಕಂಡ ಸಂಖ್ಯೆ, ಆಗ ಪ್ರಿಂಟರ್ ಓಡುತ್ತಿತ್ತೇ ಎಂಬುದನ್ನು ಬರೆದಿಡಿ. ಅದನ್ನು ನೋಡದೆ ಎಸ್‌ಎಂಪಿಎಸ್ ಬಿಚ್ಚಲು ಹೊರಟವರನ್ನು ತಡೆಯಿರಿ.