ಕ್ರಿಸ್‌ಮಸ್ ದೀಪಗಳ ನಡುವೆ ಹ್ಯಾಲೋವೀನ್ ಬೆಕ್ಕು!

ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿ ಥೀಮ್ ಪಾರ್ಕೊಂದರಲ್ಲಿ 1995ರಿಂದ 2016ರ ಜನವರಿಯವರೆಗೆ ನಡೆದ ‘ಆಸ್ಬೋರ್ನ್’ ಕ್ರಿಸ್‌ಮಸ್ ದೀಪಾಲಂಕಾರದಲ್ಲಿ, ಆ ಹಬ್ಬಕ್ಕೆ ಯಾವ ಸಂಬಂಧವೂ ಇಲ್ಲದ ನೇರಳೆ ದೀಪಗಳ ಬೆಕ್ಕೊಂದು ಅಡಗಿರುತ್ತಿತ್ತು. ಅದು ಹ್ಯಾಲೋವೀನ್, ಅಂದರೆ ಅಕ್ಟೋಬರ್ 31ರಂದು ಭೂತ-ಮಾಟಗಾತಿಯರ ವೇಷ ತೊಟ್ಟು ಆಚರಿಸುವ ಹಬ್ಬದ ಅಲಂಕಾರವಾಗಿದ್ದು, ದೀಪಗಳನ್ನು ಸಾಗಿಸುವಾಗ ಅವುಗಳೊಂದಿಗೆ ತಪ್ಪಿ ಬಂದಿತ್ತು. ಸಿಬ್ಬಂದಿ ಅದನ್ನು ತೆಗೆದುಹಾಕದೆ ವರ್ಷಕ್ಕೊಂದು ಜಾಗದಲ್ಲಿ ಇರಿಸತೊಡಗಿದ್ದರಿಂದ, ಬೆಕ್ಕನ್ನು ಹುಡುಕುವುದೇ ಸಂದರ್ಶಕರಿಗೆ ಒಂದು ಸಂಪ್ರದಾಯವಾಯಿತು.

ಈ ಅಲಂಕಾರ ಪಾರ್ಕಿಗೆ ಬಂದ ಬಗೆಯೂ ಅಷ್ಟೇ ಸ್ವಾರಸ್ಯಕರವಾದದ್ದು. ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ನಗರದ ಉದ್ಯಮಿ ಜೆನಿಂಗ್ಸ್ ಆಸ್ಬೋರ್ನ್ ಅವರು 1986ರಲ್ಲಿ, ಮನೆಗೆ ದೀಪ ಹಾಕಬೇಕೆಂಬ ಪುಟ್ಟ ಮಗಳ ಆಸೆಗೆ ಒಪ್ಪಿ ಆರಂಭಿಸಿದ ಅಲಂಕಾರವು ವರ್ಷದಿಂದ ವರ್ಷಕ್ಕೆ ಬೆಳೆದು, ದೀಪಗಳ ಸಂಖ್ಯೆ ಸುಮಾರು 30 ಲಕ್ಷಕ್ಕೇರಿ, ನೋಡಲು ಬರುವವರ ವಾಹನಗಳಿಂದ ರಸ್ತೆಯೇ ಕಟ್ಟಿಹೋದಾಗ ನೆರೆಹೊರೆಯವರು ದಾವೆ ಹೂಡಿದರು. ತಂದೆಯ ಅಕ್ಕರೆ ನಿಜವಾದದ್ದೇ ಆದರೂ ನೆರೆಯವರ ದೂರು ನ್ಯಾಯವಾದದ್ದಾಗಿತ್ತು; ವ್ಯಾಜ್ಯ ರಾಜ್ಯದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಪ್ರದರ್ಶನಕ್ಕೆ ತಡೆ ಬಿದ್ದಿತು. ಆಗ ಆ ದೀಪಗಳನ್ನು ತರಿಸಿಕೊಂಡ ಡಿಸ್ನಿ, ಮುಂದೆ ಅವುಗಳ ಸಂಖ್ಯೆಯನ್ನು ಸುಮಾರು 50 ಲಕ್ಷಕ್ಕೆ ಹೆಚ್ಚಿಸಿತು.